ಕಿವಿ ಮಂದವಾದರೆ ರಕ್ತವನ್ನೂ ನೋಡಿ

ನಡುವಯಸ್ಸಿನ ಕಿವುಡುತನಕ್ಕೂ ರಕ್ತದಲ್ಲಿನ ಪೋಷಕಾಂಶಗಳ ಕೊರತೆಗೂ ನಂಟಿರಬಹುದು ಎನ್ನುತ್ತಿವೆ ಸಂಶೋಧನೆಗಳು. ನೆದರ್‌ಲೆಂಡ್ಸ್‌ನ 728 ಮಂದಿಯ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ವರ್ಷ ಫೋಲಿಕ್ ಆಮ್ಲ ಸೇವಿಸಿದವರ ಶ್ರವಣಶಕ್ತಿ ತಗ್ಗು ಸ್ಥಾಯಿಯ ಧ್ವನಿಗಳ ಮಟ್ಟಿಗೆ ತುಸು ನಿಧಾನವಾಗಿ ಕುಂದಿತ್ತು. ಕೊರತೆಯೇ ಕಾರಣ ಎನ್ನಲು ಅಷ್ಟು ಸಾಲದು, ನಿಜ.

ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಿಗೆ ಇಂಥ ಕೊರತೆ ದೂರದ ಮಾತಲ್ಲ. ಪಕ್ಕದ ಮೈಸೂರಿನ ಗರ್ಭಿಣಿಯರ ಅಧ್ಯಯನವೊಂದರಲ್ಲಿ ಶೇ 43ರಷ್ಟು ಮಂದಿಗೆ, ಫೋಲಿಕ್ ಆಮ್ಲದಂತೆಯೇ ರಕ್ತಕ್ಕೆ ಬೇಕಾದ ವಿಟಮಿನ್ ಬಿ12ರ ಕೊರತೆಯಿತ್ತು. ಮುದ್ದೆ, ಸೊಪ್ಪಿನ ಸಾರಿನಲ್ಲಿ ಬಿ12 ಸಿಗದು. ಅದು ಸಿಗುವ ಹಾಲು ಡೇರಿಯ ಪಾಲು! ಕಿವಿ ಕೇಳದವರು ‘ವಯಸ್ಸಾಯ್ತು’ ಎಂದು ಸುಮ್ಮನಾದರೆ, ಸರಿಪಡಿಸಬಹುದಾದ ಕೊರತೆಯೂ ಪತ್ತೆಯಾಗದೆ ಉಳಿಯುತ್ತದೆ. ಮೂವತ್ತು ದಾಟಿದವರಿಗೆ ನಡೆಸುವ ಬಿಪಿ, ಸಕ್ಕರೆ ತಪಾಸಣೆಗೆ ಶ್ರವಣ ಪರೀಕ್ಷೆಯನ್ನು ಸೇರಿಸಬೇಕು. ದೋಷ ಕಂಡವರಿಗೆ ಹಿಮೋಗ್ಲೋಬಿನ್, ಬಿ12 ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗಬೇಕು. ಮಾರ್ಗದರ್ಶನಕ್ಕೆ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ ಹತ್ತಿರದಲ್ಲೇ ಇದೆ.