ಸ್ವಿಚ್ ಆರಿಸಿದರೆ ಸಿಡಿಲು ನಿಂತೀತೆ?

ಏಪ್ರಿಲ್-ಮೇ ತಿಂಗಳ ಒಂದು ಸಂಜೆ. ಮೋಡ ಕವಿಯುತ್ತದೆ, ದೂರದಲ್ಲೆಲ್ಲೋ ಗುಡುಗು. ಅಮ್ಮ ಅಂಗಳದ ಹಪ್ಪಳವನ್ನು ಒಳಗೆ ತರುತ್ತಾರೆ. ‘ಕಂಪ್ಯೂಟರ್ ಆಫ್ ಮಾಡೋ’ ಎಂದು ಅಪ್ಪ ಕೂಗುತ್ತಾರೆ. ಮಗ ಗೋಡೆಯ ಸ್ವಿಚ್ ಆರಿಸುತ್ತಾನೆ. ಎಲ್ಲರಿಗೂ ಸಮಾಧಾನ. ಬೆಳಿಗ್ಗೆ ನೋಡಿದರೆ ಯಂತ್ರ ಮಿಸುಕುವುದಿಲ್ಲ. ಅದರೊಳಗೆ ಮಗಳ ಪ್ರಾಜೆಕ್ಟ್ ವರದಿ, ಮನೆಯ ಲೆಕ್ಕಪತ್ರ ಎಲ್ಲವೂ ಇದ್ದವು. ‘ಸ್ವಿಚ್ ಆರಿಸಿಯೇ ಇತ್ತಲ್ಲ!’ ಎಂಬ ಮಾತು ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ.

ಆರಿಸಿದ ಸ್ವಿಚ್ಚಿನೊಳಗೆ ಇರುವುದು ಕೆಲವೇ ಮಿಲಿಮೀಟರ್ ಗಾಳಿಯ ಅಂತರ. ಒಂದು ಮಿಲಿಮೀಟರ್ ಒಣ ಗಾಳಿಯನ್ನು ಕಿಡಿ ದಾಟಲು ಸುಮಾರು 3,000 ವೋಲ್ಟ್ ಸಾಕು. ಮನೆಯ 230 ವೋಲ್ಟ್ ವಿದ್ಯುತ್ತಿಗೆ ಅದು ದೊಡ್ಡ ಗೋಡೆಯೇ ಸರಿ. ಆದರೆ ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿಕೊಂಡು ನೆಲಕ್ಕಿಳಿಯುವ ಸಿಡಿಲಿಗೆ ಅದು ಹೊಸ್ತಿಲೂ ಅಲ್ಲ. ಇಷ್ಟಕ್ಕೂ ಸ್ವಿಚ್ ಕಡಿಯುವುದು ಫೇಸ್ ತಂತಿಯನ್ನು ಮಾತ್ರ. ನ್ಯೂಟ್ರಲ್ ತಂತಿ ಯಂತ್ರಕ್ಕೆ ಅಂಟಿಕೊಂಡೇ ಇರುತ್ತದೆ.

ಸಿಡಿಲು ಮನೆಯ ಮೇಲೇ ಬೀಳಬೇಕೆಂದಿಲ್ಲ. ಒಂದು ಹೊಡೆತದಲ್ಲಿ ಸಾಮಾನ್ಯವಾಗಿ 30,000 ಆಂಪಿಯರ್‌ನಷ್ಟು ಪ್ರವಾಹ, ಅದೂ ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ಅಲ್ಪಕಾಲದಲ್ಲಿ, ಮೇಲೇರಿಬಿಡುತ್ತದೆ. ಪ್ರವಾಹ ಇಷ್ಟು ಬೇಗ ಬದಲಾದರೆ ಸುತ್ತಲಿನ ಕಾಂತಕ್ಷೇತ್ರವೂ ಬದಲಾಗುತ್ತದೆ. ಬದಲಾಗುವ ಕಾಂತಕ್ಷೇತ್ರ ಸಮೀಪದ ತಂತಿಗಳಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ, ಪಿ.ಯು.ಸಿ. ವಿದ್ಯಾರ್ಥಿಗಳು ಪರೀಕ್ಷೆಗೆಂದು ಓದುವ ಪ್ರೇರಣೆಯ ನಿಯಮ ಇದೇ. ತೋಟದ ಮನೆಗಳಿಗೆ ಕಂಬದಿಂದ ಕಂಬಕ್ಕೆ ಹಾದುಬರುವ ಉದ್ದನೆಯ ತಂತಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಟೆಲಿಫೋನಿನ ತಾಮ್ರದ ತಂತಿ, ಟಿ.ವಿ. ಕೇಬಲ್ ಕೂಡ ಹಾಗೆಯೇ. ಪ್ಲಗ್ ಕಿತ್ತವರು ಎಷ್ಟೋ ಸಲ ಇವನ್ನು ಮರೆತುಬಿಡುತ್ತಾರೆ. ಆಪ್ಟಿಕಲ್ ಫೈಬರ್ ಗಾಜಿನ ಎಳೆ. ಅದರಲ್ಲಿ ವಿದ್ಯುತ್ ಹರಿಯದು. ಆದರೆ ಅದರ ಪೆಟ್ಟಿಗೆಗೆ ವಿದ್ಯುತ್ ಕೊಡುವ ಅಡಾಪ್ಟರ್ ಗೋಡೆಯಲ್ಲಿ ನೇತಾಡುತ್ತಲೇ ಇರುತ್ತದಲ್ಲ!

ಹಾಗಾದರೆ ಪ್ಲಗ್ ಕೀಳುವುದು ಯಾವಾಗ? ಮೊದಲ ಗುಡುಗು ದೂರದಲ್ಲಿರುವಾಗಲೇ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ 3ರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರವೆಂದು ತಿಳಿಯುತ್ತದೆ. 30 ಸೆಕೆಂಡಿಗಿಂತ ಕಡಿಮೆಯಾದರೆ ಅಪಾಯದ ವಲಯ ಎಂದೇ ಅರ್ಥ. ಆಗ ಯಂತ್ರದ ಆಸೆ ಬಿಟ್ಟುಬಿಡುವುದೇ ಮೇಲು. ಸಿಡಿಲು ತಲೆಯ ಮೇಲೆ ಆರ್ಭಟಿಸುವಾಗ ಓಡಿಹೋಗಿ ಪ್ಲಗ್ ಕೀಳಲು ಮಕ್ಕಳನ್ನು ಕಳಿಸುವ ತಂದೆತಾಯಿಗಳಿದ್ದಾರೆ. ತಂತಿಯಲ್ಲಿ ಬರುವ ಆಘಾತ ಪ್ಲಗ್ ಹಿಡಿದ ಕೈಯ ಮೂಲಕವೂ ನೆಲಕ್ಕೆ ಇಳಿಯಬಲ್ಲದು. ಕಂಪ್ಯೂಟರನ್ನು ಮತ್ತೆ ಕೊಳ್ಳಬಹುದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೂ ಅದರ ಹತ್ತಿರ ಸುಳಿಯಬಾರದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ‘ದಾಮಿನಿ’ ಆಪ್ ಮೊಬೈಲಿನಲ್ಲಿದ್ದರೆ ಸಮೀಪದ ಸಿಡಿಲಿನ ಸುಳಿವು ಸಿಗುತ್ತದೆ.

ಅಂಗಡಿಯಲ್ಲಿ ಸಿಗುವ ‘ಸ್ಪೈಕ್ ಗಾರ್ಡ್’ ಒಳಗೆ ಸತುವಿನ ಆಕ್ಸೈಡಿನಿಂದ ಮಾಡಿದ ವ್ಯಾರಿಸ್ಟರ್ ಎಂಬ ಪುಟ್ಟ ಬಿಲ್ಲೆ ಇರುತ್ತದೆ (ಅಗ್ಗದವುಗಳಲ್ಲಿ ಅದೂ ಇರುವುದಿಲ್ಲ). ವೋಲ್ಟೇಜ್ ಮಿತಿ ಮೀರಿದೊಡನೆ ಅದು ಪ್ರವಾಹವನ್ನು ಪಕ್ಕದ ದಾರಿಗೆ ತಿರುಗಿಸುತ್ತದೆ. ಸಣ್ಣಪುಟ್ಟ ಆಘಾತಕ್ಕೆ ಇದು ಸಾಕು; ನೇರ ಸಿಡಿಲಿಗೆ ಏನೇನೂ ಸಾಲದು. ಪ್ರತಿ ಪೆಟ್ಟಿಗೂ ಅದು ಸವೆಯುತ್ತದೆ. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಅದರ ಕೆಲಸವೂ ಅರ್ಧಕ್ಕೇ ನಿಲ್ಲುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ ಉದ್ದವಾಗಿರುವುದು ಅದು ಮೊದಲು ಸೇರಿ ಕೊನೆಗೆ ಬಿಡಲಿ ಎಂದು. ಅದನ್ನೇ ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವ ಜಾಣರಿಗೆ ಏನು ಹೇಳೋಣ! ಇದ್ದಿಲು, ಉಪ್ಪು ಹಾಕಿದ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ರೋಧ ಹೆಚ್ಚುತ್ತದೆ. ಆಗಾಗ ಒಂದೆರಡು ಕೊಡ ನೀರು ಹೊಯ್ಯಬೇಕು.

ಇನ್ನು ಕರೆಂಟು ಹೋಗುವ ಕಾಟ. ಬರೆಯುತ್ತಿದ್ದ ಪ್ರಬಂಧ ‘ರ‍್ಯಾಮ್’ ಎಂಬ ತಾತ್ಕಾಲಿಕ ನೆನಪಿನಲ್ಲಿರುತ್ತದೆ. ವಿದ್ಯುತ್ ನಿಂತೊಡನೆ ಅದು ಅಳಿಸಿಹೋಗುತ್ತದೆ. ಡಿಸ್ಕಿಗೆ ಬರೆಯುವ ಮಧ್ಯದಲ್ಲೇ ನಿಂತರೆ ಕಡತವೇ ಕೆಡಬಹುದು. ಕರೆಂಟು ಮರಳಿ ಬರುವಾಗಲೂ ವೋಲ್ಟೇಜ್ ಏರಿಳಿಯುವುದುಂಟು. ಗಾಳಿಮಳೆಗೆ ಲೈನಿನ ನ್ಯೂಟ್ರಲ್ ತುಂಡಾದರಂತೂ ಕೆಲವು ಮನೆಗಳಿಗೆ 230ರ ಬದಲು 400 ವೋಲ್ಟ್ ಸಮೀಪ ಹರಿಯಬಹುದು. ಆದ್ದರಿಂದ ಕರೆಂಟು ಹೋದಾಗಲೂ ಪ್ಲಗ್ ಕಿತ್ತಿಡುವುದು ಒಳ್ಳೆಯದು. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುವುದರಿಂದ ಚಾರ್ಜರ್ ತೆಗೆದರಾಯಿತು.

ಮೇಜಿನ ಕಂಪ್ಯೂಟರಿಗೆ ಯು.ಪಿ.ಎಸ್. ಬೇಕು. ಅದು ಗಂಟೆಗಟ್ಟಲೆ ಆಟವಾಡಲಿಕ್ಕಲ್ಲ, ಕೆಲಸ ಉಳಿಸಿ ಯಂತ್ರವನ್ನು ಕ್ರಮವಾಗಿ ಮುಚ್ಚಲು. ಲೇಸರ್ ಪ್ರಿಂಟರ್ ಬಿಸಿಯಾಗಲು ಒಮ್ಮೆಲೇ ಹೆಚ್ಚು ಪ್ರವಾಹ ಎಳೆಯುತ್ತದೆ, ಅದನ್ನು ಯು.ಪಿ.ಎಸ್.ಗೆ ಜೋಡಿಸಬಾರದು. ಮುಖ್ಯ ಕಡತಗಳ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿರಲಿ, ಪೆನ್‌ಡ್ರೈವ್ ಕಪಾಟಿನಲ್ಲಿರಲಿ. ಯಂತ್ರಕ್ಕೇ ಸಿಕ್ಕಿಸಿಟ್ಟರೆ ಎರಡೂ ಒಟ್ಟಿಗೆ ಹೋದಾವು. ಯು.ಪಿ.ಎಸ್. ಬ್ಯಾಟರಿ ಸದ್ದಿಲ್ಲದೆ ಮುದಿಯಾಗುತ್ತದೆ. ಎರಡು ತಿಂಗಳಿಗೊಮ್ಮೆ, ಶುಭ್ರ ಆಕಾಶದ ದಿನ, ಕೆಲಸ ಉಳಿಸಿಕೊಂಡು ಗೋಡೆಯ ಸ್ವಿಚ್ ಆರಿಸಿ ಎಷ್ಟು ನಿಮಿಷ ತಡೆಯುತ್ತದೆಂದು ನೋಡಬೇಕು. ಆ ಸ್ವಿಚ್ ನಿಜಕ್ಕೂ ಉಪಯೋಗಕ್ಕೆ ಬರುವುದು ಅಂದೇ.