ನಿಂತೇ ಮಾಡಿಸಬೇಕಾದ ಪರೀಕ್ಷೆ

ಕಾಲಿನ ಅಭಿಧಮನಿಗಳಲ್ಲಿ (ಆಡುಮಾತಿನಲ್ಲಿ ‘ನರ’ ಎನ್ನುವ ರಕ್ತನಾಳಗಳಲ್ಲಿ) ರಕ್ತವನ್ನು ಮೇಲಕ್ಕೆ ಮಾತ್ರ ಬಿಡುವ ಕವಾಟಗಳಿವೆ. ಅವು ಸಡಿಲವಾದರೆ ರಕ್ತ ಕೆಳಗೇ ತಂಗುತ್ತದೆ. ಸಂಜೆಗೆ ಪಾದ ಊದಿಕೊಳ್ಳುತ್ತದೆ, ನರ ಉಬ್ಬುತ್ತದೆ, ವರ್ಷಗಳು ಕಳೆದಂತೆ ಕಾಲಿನ ಗಿಣ್ಣಿನ ಬಳಿ ಚರ್ಮ ಕಪ್ಪಾಗಿ ಹುಣ್ಣೂ ಆಗಬಹುದು. ಮಯೂರ್ ವಿಹಾರ್‌ನ ಸೊಸೈಟಿ ಗೇಟುಗಳಲ್ಲಿ ದಿನವಿಡೀ ನಿಲ್ಲುವ ಕಾವಲುಗಾರರು, ತರಕಾರಿ ಗಾಡಿಯವರು ಈ ತೊಂದರೆಗೆ ಸುಲಭವಾಗಿ ಈಡಾಗುವವರು.

ಇದನ್ನು ಪತ್ತೆಹಚ್ಚಲು ಹಿಂದೆ ಪಾದಕ್ಕೆ ಸೂಜಿ ಚುಚ್ಚಿ, ಔಷಧ ಹರಿಸಿ ಎಕ್ಸ್‌ರೇ ತೆಗೆಯುತ್ತಿದ್ದರು. ಈಗ ಬಹುಪಾಲು ರೋಗಿಗಳಿಗೆ ಕಲರ್ ಡಾಪ್ಲರ್ ಅಲ್ಟ್ರಾಸೌಂಡ್ ಸಾಕು. ರೋಗಿಯನ್ನು ನಿಲ್ಲಿಸಿ, ಭಾರವನ್ನು ಇನ್ನೊಂದು ಕಾಲಿನ ಮೇಲೆ ಹಾಕಿಸಿ, ತೊಡೆಸಂದಿಗೆ ಜೆಲ್ ಹಚ್ಚಿ ಪ್ರೋಬ್ ಇಡುತ್ತಾರೆ. ಮೀನಖಂಡವನ್ನು ಹಿಂಡಿದಾಗ ರಕ್ತ ಮೇಲೇರುತ್ತದೆ. ಕೈ ಬಿಟ್ಟ ಮೇಲೆ ಅದು ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ (ಇದೇ ‘ರಿಫ್ಲಕ್ಸ್’) ಚರ್ಮದಡಿಯ ನರದ ಕವಾಟ ಕೆಟ್ಟಿದೆ ಎಂದರ್ಥ. ತೊಡೆಯ ಆಳದ ನರಕ್ಕೆ ಈ ಮಿತಿ 1 ಸೆಕೆಂಡ್. ಗಿಣ್ಣಿನ ಮೇಲೆ ಬೆಳಕಿನ ಸಂವೇದಕ ಅಂಟಿಸಿ, ಪಾದ ಆಡಿಸಿದ ಬಳಿಕ ನರ ಮತ್ತೆ ತುಂಬುವ ಸಮಯ ಅಳೆಯುವ ವಿಧಾನವೂ ಇದೆ. 20 ಸೆಕೆಂಡಿನೊಳಗೆ ತುಂಬಿದರೆ ದೋಷದ ಸೂಚನೆ.

ತೊಡಕಿರುವುದು ಯಂತ್ರದಲ್ಲಲ್ಲ, ಚೀಟಿಯಲ್ಲಿ. ಬರೀ ‘ಡಾಪ್ಲರ್’ ಎಂದು ಬರೆದರೆ ಮಲಗಿಸಿ, ರಕ್ತ ಹೆಪ್ಪುಗಟ್ಟಿದೆಯೇ ಎಂದಷ್ಟೇ ನೋಡಿ ‘ನಾರ್ಮಲ್’ ವರದಿ ಕೊಡುವುದುಂಟು. ಕವಾಟದ ಪ್ರಶ್ನೆ ಹಾಗೇ ಉಳಿಯುತ್ತದೆ. ವೈದ್ಯರು ಚೀಟಿಯಲ್ಲಿ ‘ನಿಲ್ಲಿಸಿ ರಿಫ್ಲಕ್ಸ್ ಪರೀಕ್ಷೆ’ ಎಂದು ಸ್ಪಷ್ಟವಾಗಿ ಬರೆಯಲಿ, ರೋಗಿಗಳೂ ಕೇಳಿ ಬರೆಸಿಕೊಳ್ಳಲಿ.

– ಓದುಗರು, ಮಯೂರ್ ವಿಹಾರ್, ದೆಹಲಿ