ಹಸಿರು ಟಿಕ್ ನಂಬಿ ಅಜ್ಜಿಯ ದನಿ ಕಳಕೊಂಡೆ

ಇವತ್ತು ಶಾಲೆ ಬಗ್ಗೆ, ನಾಮಫಲಕದ ಬಗ್ಗೆ ಬರೀತಿಲ್ಲ. ಕಂಪ್ಯೂಟರಿನಲ್ಲಿ ಫೈಲ್ ಹೆಸರಿನ ಪಕ್ಕ ಕಡಲೆಬೇಳೆ ಗಾತ್ರದ ಚಿತ್ರ ಕಾಣ್ತದಲ್ಲ, ಮೋಡ, ಟಿಕ್, ಸುತ್ತುವ ಬಾಣ, ಅದರ ಬಗ್ಗೆ. ನಗಬೇಡಿ, ಅದರಿಂದ ನಮ್ಮ ಮನೆಯಲ್ಲಿ ಆದ ನಷ್ಟ ಸಣ್ಣದಲ್ಲ.

2019ರಲ್ಲಿ ತಾರಮಂಗಲಂನ ನಮ್ಮ ಹಳೇ ಮನೆಯಲ್ಲಿ ಅಜ್ಜಿಯನ್ನು ಕೂರಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದೆ. ಚೌಡಮ್ಮನ ಹಬ್ಬದ ಹಾಡು, ಮದುವೆ ಹಾಡು, ಗುಂಡಿ ಮಗ್ಗದ ಒಂದೊಂದು ಭಾಗಕ್ಕೂ ನಮ್ಮ ಮನೆಗನ್ನಡದಲ್ಲಿ ಏನಂತಾರೆ ಅನ್ನೋದು. ಎಲ್ಲ ಸೇರಿ ಎರಡು ಗಂಟೆ ಹತ್ತಿರ. ಫೋನ್ ಬದಲಾಯಿಸುವ ಮೊದಲು ಅಷ್ಟನ್ನೂ ಲ್ಯಾಪ್‌ಟಾಪಿನ ಕ್ಲೌಡ್ ಫೋಲ್ಡರಿಗೆ ಹಾಕಿದೆ. ಪ್ರತಿ ಫೈಲಿಗೂ ಹಸಿರು ಟಿಕ್ ಬಿತ್ತು. ನಿಶ್ಚಿಂತೆ ಆದೆ. ಮುಂದೆ ಅಜ್ಜಿ ತೀರಿಕೊಂಡರು. ಲ್ಯಾಪ್‌ಟಾಪಿನಲ್ಲಿ ಜಾಗ ತುಂಬಿತು. ಟಿಕ್ ಇದೆ, ಅಂದರೆ ಮೇಲೆ ಕ್ಲೌಡಲ್ಲಿ ಒಂದು ಪ್ರತಿ ಇದೆ, ಇಲ್ಲಿಂದ ತೆಗೆದರೆ ಏನಾಯ್ತು ಅಂತ ಫೋಲ್ಡರ್ ಡಿಲೀಟ್ ಮಾಡಿದೆ. ಏನೋ ಒಂದು ಎಚ್ಚರಿಕೆ ಬಂತು, ಓಕೆ ಒತ್ತಿದೆ. ನಾಲ್ಕು ತಿಂಗಳಾದ ಮೇಲೆ ಹುಡುಕಿದರೆ ಮೇಲೂ ಇಲ್ಲ, ಕೆಳಗೂ ಇಲ್ಲ. ಕಸದಬುಟ್ಟಿಯೂ ಖಾಲಿ. ಯಾವ ಕಂಪನಿ ಅಂತ ಹೇಳಲ್ಲ, ತಪ್ಪಿನಲ್ಲಿ ನನ್ನ ಪಾಲೂ ಇದೆ.

ಆದರೆ ಪೂರ್ತಿ ತಪ್ಪು ನನ್ನದೇ ಅಂತ ಒಪ್ಪಲ್ಲ. ನಾನು ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಲ್ಲಿ ಕೂತವನು. ಚೆಕ್ ಕೊಟ್ಟಾಗ ಸ್ಲಿಪ್ಪಿಗೆ ಸೀಲು ಹೊಡೆದು ಹರಿದು ಕೊಡ್ತೇವೆ. ಆ ಸೀಲು ಚೆಕ್ ನಮ್ಮ ಕೈಗೆ ಬಂತು ಅನ್ನೋದಕ್ಕೆ ಸಾಕ್ಷಿ, ದುಡ್ಡು ಬಂತು ಅನ್ನೋದಕ್ಕಲ್ಲ. ಇದನ್ನ ದಿನಕ್ಕೆ ಹತ್ತು ಜನಕ್ಕೆ ಬಾಯಿಬಿಟ್ಟು ಹೇಳ್ತೇವೆ. ಕ್ಲೌಡ್ ಕಂಪನಿ ಒಂದು ಟಿಕ್ ಹಾಕಿ ಸುಮ್ಮನಾಗ್ತದೆ. ಟಿಕ್ ಅಂದರೆ ಶಾಲೆಯಿಂದಲೂ ನಮಗೆ ಗೊತ್ತಿರೋದು ಒಂದೇ, ಸರಿ ಇದೆ, ಮುಗೀತು. ಅವರ ಟಿಕ್ಕಿನ ಅರ್ಥ ಬೇರೆ: ಇಲ್ಲಿಯದೂ ಅಲ್ಲಿಯದೂ ಈ ಕ್ಷಣ ಒಂದೇ ಥರ ಇದೆ, ಅಷ್ಟೇ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಸಿ "ಒಂದೇ ಥರ" ಮಾಡ್ತದೆ. ಇದು ಲಾಕರ್ ಅಲ್ಲ ಸ್ವಾಮಿ, ಜಂಟಿ ಖಾತೆ. ಒಬ್ಬರು ತೆಗೆದರೆ ಇಬ್ಬರದೂ ಖಾಲಿ.

ವಿಂಡೋಸ್ ಜೊತೆಗೇ ಬರುವ ಒನ್‌ಡ್ರೈವ್ ನೋಡಿ. ನೀಲಿ ಗೆರೆಯ ಮೋಡ ಇದ್ದರೆ ಫೈಲ್ ನಿಮ್ಮ ಯಂತ್ರದಲ್ಲಿ ಇಲ್ಲ, ಹೆಸರು ಮಾತ್ರ ಇದೆ, ನೆಟ್ ಇಲ್ಲದಿದ್ದರೆ ತೆರೆಯಲ್ಲ. ಬಿಳಿ ಹೊಟ್ಟೆಯ ವೃತ್ತದೊಳಗೆ ಹಸಿರು ಟಿಕ್ ಇದ್ದರೆ ಫೈಲ್ ಸದ್ಯಕ್ಕೆ ಇಳಿದು ಬಂದಿದೆ, ಜಾಗ ಬೇಕಾದರೆ ಅದೇ ಮತ್ತೆ ಮೋಡ ಆಗಬಹುದು. ಪೂರ್ತಿ ಹಸಿರು ವೃತ್ತದಲ್ಲಿ ಬಿಳಿ ಟಿಕ್ ಇದ್ದರೆ ಮಾತ್ರ ಸದಾ ಈ ಯಂತ್ರದಲ್ಲೇ ಇರ್ತದೆ. ಎರಡು ಟಿಕ್ಕಿಗೂ ವ್ಯತ್ಯಾಸ ಹೊಟ್ಟೆಯ ಬಣ್ಣ! ಕನ್ನಡಕ ಹಾಕಿದವರಿಗೇ ಕಷ್ಟ, ಕೆಂಪು ಹಸಿರು ಬೇರೆ ಮಾಡಿ ಕಾಣದ ಕಣ್ಣಿನವರ ಗತಿ? ಡ್ರಾಪ್‌ಬಾಕ್ಸಿನಲ್ಲಿ ಅದೇ ಮೋಡ ಬೂದು ಬಣ್ಣ. ಆಪಲ್‌ನವರ ಐಕ್ಲೌಡಿನಲ್ಲಿ ಮೋಡಕ್ಕೆ ಕೆಳಮುಖದ ಬಾಣ. ಒಬ್ಬೊಬ್ಬರದು ಒಂದೊಂದು ಲಿಪಿ.

ಇನ್ನೊಂದು ತಮಾಷೆ. ಫೈಲಿನ ಚಿತ್ರದ ಮೂಲೆಗೆ ಅಂಟಿಸುವ ಇಂಥ ಗುರುತುಗಳು ಎಷ್ಟೇ ಇದ್ದರೂ ವಿಂಡೋಸ್ ಹದಿನೈದಕ್ಕಿಂತ ಹೆಚ್ಚು ತೋರಿಸಲ್ಲ. ಪಟ್ಟಿ ಅಕ್ಷರಕ್ರಮದ್ದು. ಅದಕ್ಕೆ ಕಂಪನಿಯವರು ತಮ್ಮ ಗುರುತಿನ ಹೆಸರಿನ ಮುಂದೆ ಖಾಲಿ ಜಾಗ ಸೇರಿಸಿ ಸೇರಿಸಿ ಸಾಲಿನ ಮುಂದಕ್ಕೆ ನುಗ್ತಾರೆ, ರೇಷನ್ ಅಂಗಡಿ ಮುಂದೆ ಚೀಲ ಇಟ್ಟು ಹೋದ ಹಾಗೆ. ಹಿಂದೆ ಉಳಿದವರ ಚಿತ್ರ ಕಾಣುವುದೇ ಇಲ್ಲ. ನೀವು ಚಿತ್ರ ಇಲ್ಲ ಅಂದರೆ ಎಲ್ಲ ಸರಿ ಅಂದುಕೊಂಡಿರ್ತೀರಿ.

"ಚಿತ್ರಕ್ಕೆ ಭಾಷೆ ಬೇಡ, ಎಲ್ಲರಿಗೂ ಅರ್ಥ ಆಗ್ತದೆ" ಅನ್ನೋ ವಾದ ಉಂಟು. ನಮ್ಮ ಜನಕ್ಕೆ ಆ ಮಾತು ನಿಜ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಸೇಲಂ, ಧರ್ಮಪುರಿ ಕಡೆ ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ತಮಿಳು ಓದಿ, ಫೋನನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡವರು ನಾವು. ಕನ್ನಡ ಅಕ್ಷರ ಬಾರದವರು ನಮ್ಮ ನೆಂಟರಲ್ಲೇ ಬೇಕಾದಷ್ಟು ಇದ್ದಾರೆ. ಚಿತ್ರ ನೆಟ್ಟಗೆ ಮಾತಾಡಿದ್ದರೆ ಮೊದಲು ಉಪಯೋಗ ಆಗಬೇಕಾದ್ದು ನಮಗೆ. ಆದರೆ ಚಿತ್ರದ ಅರ್ಥ ತಿಳಿಯೋಕೆ ಕೊನೆಗೆ ಇಂಗ್ಲಿಷ್ ಸಹಾಯ ಪುಟ ಓದಬೇಕು. ಹಾಗಿದ್ದ ಮೇಲೆ ಚಿತ್ರ ಯಾಕೆ? "ಇಲ್ಲಿಂದ ಅಳಿಸಿದರೆ ಎಲ್ಲ ಕಡೆಯಿಂದ ಹೋಗ್ತದೆ" ಅಂತ ಒಂದು ಸಾಲು ಅವರವರ ಭಾಷೆಯಲ್ಲಿ ಬರೆಯೋಕೆ ಏನು ಕಷ್ಟ?

ಮೊನ್ನೆ ಮೇಚೇರಿ ಕಡೆಯ ಹುಡುಗನೊಬ್ಬ ಶಿಕ್ಷಣ ಸಾಲಕ್ಕೆ ಬಂದಿದ್ದ. "ಅಣ್ಣಾ, ಮಾರ್ಕ್ಸ್ ಕಾರ್ಡ್ ಇಲ್ಲೇ ಇದೆ ನೋಡಿ, ಕಾಣ್ತಾ ಇದೆಯಲ್ಲ" ಅಂತ ಫೋನ್ ತೋರಿಸಿದ. ಹೆಸರು ಕಾಣ್ತಿತ್ತು, ಫೈಲ್ ತೆರೀಲಿಲ್ಲ. ನಮ್ಮ ಶಾಖೆಯ ಗೋಡೆ ದಪ್ಪ, ಒಳಗೆ ನೆಟ್ ಬರಲ್ಲ. ಪಾಪ, ಹೊರಗೆ ಬಿಸಿಲಲ್ಲಿ ನಿಂತು ಇಳಿಸಿಕೊಂಡು ಬಂದ. ಅರ್ಜಿಗೆ ಹೋಗುವ ಮುಂಚೆ ಮನೆಯಲ್ಲೇ ಆ ಫೈಲನ್ನು ಆಫ್‌ಲೈನಿನಲ್ಲಿ ಸಿಗುವಂತೆ ಮಾಡಿಕೊಳ್ಳಿ, ಆಮೇಲೆ ಏರೋಪ್ಲೇನ್ ಮೋಡ್ ಹಾಕಿ ತೆರೆದು ನೋಡಿ. ತೆರೆದರೆ ಮಾತ್ರ ಇದೆ ಅಂತ ಲೆಕ್ಕ.

ಗೂಗಲ್ ಕೊಡೋ ಉಚಿತ 15 ಜಿಬಿ ಜೀಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಜೂನ್ 1ರಿಂದ ಹೊಸ ಫೋಟೋಗಳೂ ಆ ಲೆಕ್ಕಕ್ಕೇ ಬರ್ತವೆ. ತುಂಬಿದರೆ ಹೊಸದು ಮೇಲೆ ಹೋಗಲ್ಲ, ಹೊಸ ಮೇಲೂ ಬರಲ್ಲ. ಒನ್‌ಡ್ರೈವಿನದು 5 ಜಿಬಿ. ಅಳಿಸಿದ್ದು ಗೂಗಲ್ ಡ್ರೈವಿನ ಕಸದಬುಟ್ಟಿಯಲ್ಲಿ 30 ದಿನ ಇರ್ತದೆ, ಆಮೇಲೆ ಹೋಯ್ತು. ಜಾಗ ಬೇಕಾದರೆ ಡಿಲೀಟ್ ಒತ್ತಬೇಡಿ, "ಫ್ರೀ ಅಪ್ ಸ್ಪೇಸ್" ಅನ್ನೋದು ಬೇರೆಯೇ ಇದೆ. ನನಗೆ ಆಗ ಗೊತ್ತಿರಲಿಲ್ಲ.

ದೊಡ್ಡ ಕಂಪನಿ, ಅವರಲ್ಲಿ ತಪ್ಪಾಗಲ್ಲ ಅನ್ನಬೇಡಿ. 2023ರ ನವೆಂಬರಿನಲ್ಲಿ ಗೂಗಲ್ ಡ್ರೈವಿನ ಡೆಸ್ಕ್‌ಟಾಪ್ ತಂತ್ರಾಂಶದ 84ನೇ ಆವೃತ್ತಿ ಹಾಕಿಕೊಂಡವರಲ್ಲಿ ಹಲವರ ಫೈಲುಗಳು ಕಾಣೆಯಾದವು. ಸಿಂಕ್ ತೊಂದರೆ ಅಂತ ಗೂಗಲೇ ಒಪ್ಪಿ, ಖಾತೆ ಡಿಸ್ಕನೆಕ್ಟ್ ಮಾಡಬೇಡಿ ಅಂತ ಹೇಳಬೇಕಾಯ್ತು.

ನಿಮ್ಮ ಮನೆಯಲ್ಲೂ ಅಜ್ಜಿ ತಾತನ ದನಿ, ಹಳೇ ಪತ್ರ, ಜಾತಿ ಪ್ರಮಾಣಪತ್ರ ಫೋನಿನಲ್ಲಿ ಇದ್ದೇ ಇರ್ತದೆ. ಹೊಸೂರು, ತಾಳವಾಡಿ, ಕಾಸರಗೋಡು, ಎಲ್ಲೇ ಇರಿ, ಈ ಭಾನುವಾರ ಒಂದು ಪೆನ್‌ಡ್ರೈವಿಗೆ ಬೇರೆ ಪ್ರತಿ ಮಾಡಿ. ಎಲ್ಲೂ ಸಿಂಕ್ ಆಗದ ಪ್ರತಿ.

ನನ್ನ ಅತ್ತೆಗೆ ಆಗ ವಾಟ್ಸಾಪಿನಲ್ಲಿ ಒಂದು ತುಣುಕು ಕಳಿಸಿದ್ದೆ, ನಲವತ್ತು ಸೆಕೆಂಡಿನದು. ಹಾಡು ಅಲ್ಲ. ಲಾಳಿ ಹಿಡಿಯೋದು ಹೇಗೆ ಅಂತ ಅಜ್ಜಿ ನನ್ನನ್ನ ಬೈತಿರೋದು. ಅದೀಗ ಮೂರು ಕಡೆ ಇದೆ, ಒಂದು ಬೀರುವಿನಲ್ಲಿ, ಪಾಸ್‌ಬುಕ್‌ಗಳ ಜೊತೆ.